ಪರದೆಯ ಮೇಲೆ ಐವಿಯ ತುಟಿಮಾತು

ಐವಿ ಕ್ರಾಂಪ್ಟನ್ ಸುಮ್ಮನೆ ಕೂತದ್ದನ್ನು ಇಂಗ್ಲೆಂಡಿನ ಉತ್ತರಕ್ಕಿರುವ ನಮ್ಮ ಬ್ರಾಕ್‌ಡೆನ್ನಿನಲ್ಲಿ ಕಂಡವರಿಲ್ಲ. ಟೀ ಕುಡಿದರೂ ನಿಂತೇ ಕುಡಿಯುವವಳು. ಅಪ್ಪಿತಪ್ಪಿ ಕೂತರೆ ಕಾಲು ಅಲ್ಲಾಡುತ್ತಿರಬೇಕು, ಕಾಲು ಅಲ್ಲಾಡದಿದ್ದರೆ ಕೈ ಏನನ್ನಾದರೂ ಒರೆಸುತ್ತಿರಬೇಕು. ಹದಿನಾಲ್ಕನೆಯ ವಯಸ್ಸಿಗೆ ಬ್ರೂಕ್ ಮಿಲ್ಲಿನ ನೇಯ್ಗೆ ಶೆಡ್ಡು ಹೊಕ್ಕವಳು. ಆರು ಮಗ್ಗಗಳ ನಡುವೆ ಓಡಾಡಿ ಓಡಾಡಿ ಅವಳ ಮೈಗೆ ನಿಲ್ಲುವುದೇ ಮರೆತುಹೋಗಿತ್ತು. ಗಂಡ ವಾಲ್ಟರ್ ಬರ್ಮಾದ ಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ಮಗ ಡೆರೆಕ್ ಆಗ ಇನ್ನೂ ತೊಟ್ಟಿಲಲ್ಲಿದ್ದ. ಅಲ್ಲಿಂದ ಆಕೆ ಒಬ್ಬಳೇ ದುಡಿದಳು, ಒಬ್ಬಳೇ ಮಗನನ್ನು ಬೆಳೆಸಿದಳು, ಒಬ್ಬಳೇ ಮನೆ ಮುಂದಿನ ಮೆಟ್ಟಿಲನ್ನು ತಿಕ್ಕಿ ತಿಕ್ಕಿ ಬೆಳ್ಳಗಿಟ್ಟಳು. ಅಯ್ಯೋ ಪಾಪ ಎನ್ನಲು ಯಾರಾದರೂ ಬಾಯಿ ತೆರೆದರೆ, ಆ ಬಾಯಿ ಮುಚ್ಚಿಸುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಊರಿನ ನೇಯುವ ಹೆಂಗಸರಿಗೆ ಎರಡು ಮಾತು. ಒಂದು ಎಲ್ಲರಿಗೂ ಇರುವ ಮಾತು. ಇನ್ನೊಂದು ತುಟಿಮಾತು. ಶೆಡ್ಡಿನಲ್ಲಿ ನಾನೂರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಕಿವಿಯ ಹತ್ತಿರ ಕಿರುಚಿದರೂ ಕೇಳದು. ಹಾಗಾಗಿ ಸ್ವರವಿಲ್ಲದೆ ಬರೀ ತುಟಿ ಅಗಲಿಸಿ, ಉದ್ದ ಮಾಡಿ, ಹುಬ್ಬು ಕುಣಿಸಿ ಆಡುವ ಮಾತು. ಶೆಡ್ಡಿನ ಈ ತುದಿಯವಳು ಆ ತುದಿಯವಳ ಸೊಸೆಯ ವಿಚಾರವೆಲ್ಲ ಕೇಳಿ ತಿಳಿಯುತ್ತಿದ್ದಳು. ಕೇಳಿ ಎಂದರೆ ನೋಡಿ. ಈ ಚಾಳಿ ಮಿಲ್ಲಿನ ಗೇಟು ದಾಟಿ ಬೀದಿಗೂ ಬಂದಿತ್ತು. ರಸ್ತೆಯ ಆ ಬದಿ ಈ ಬದಿ ನಿಂತು, ಗರ್ಭಕೋಶದ ಆಪರೇಷನ್ನಿನ ಸಂಗತಿಯನ್ನೆಲ್ಲ ನಮ್ಮ ಹೆಂಗಸರು ಒಂದು ಸದ್ದಿಲ್ಲದೆ ಮಾತಾಡಿ ಮುಗಿಸುತ್ತಿದ್ದರು. ಮಧ್ಯೆ ಹೋಗುವ ಪಾದ್ರಿಗೆ ಇಬ್ಬರು ಹೆಂಗಸರು ಆಕಳಿಸುತ್ತಿದ್ದಾರೆ ಎನಿಸುತ್ತಿತ್ತು.

ಡೆರೆಕ್‌ಗೆ ಮಾತ್ರ ತುಟಿಮಾತು ಬಾರದು. ಬಾರದ ಹಾಗೆ ಐವಿಯೇ ನೋಡಿಕೊಂಡಳು. ಅದು ಮಿಲ್ಲಿನ ಮಾತು, ಮಗ ಮಿಲ್ಲಿಗೆ ಹೋಗಕೂಡದು ಎಂಬ ಹಟ ಅವಳದು. ಅವನು ಚಿಕ್ಕವನಿದ್ದಾಗ ಗೆಳತಿ ಬರ್ತಾ ಮನೆಗೆ ಬಂದು ತುಟಿ ಆಡಿಸತೊಡಗಿದರೆ ಐವಿ ಮಗನ ಮುಖವನ್ನು ಗೋಡೆ ಕಡೆ ತಿರುಗಿಸಿ ಕೂರಿಸುತ್ತಿದ್ದಳು. ಡೆರೆಕ್ ದೊಡ್ಡವನಾಗಿ ಬಸ್ ಕಂಡಕ್ಟರ್ ಆದ. ಗುಂಡಿ ಹೊಳೆಯುವ ಕೋಟು, ತಲೆಗೆ ಟೋಪಿ. ಅವನು ಮೊದಲ ದಿನ ಕೆಲಸಕ್ಕೆ ಹೊರಟಾಗ ಐವಿ ಕಿಟಕಿಯ ಪರದೆ ಸರಿಸಿ ಬೀದಿ ತಿರುವಿನವರೆಗೂ ನೋಡಿದಳು. ಅಷ್ಟು ಹೊತ್ತು ಅವಳ ಕಾಲು ಅಲ್ಲಾಡಲಿಲ್ಲ.

ಇನ್ನು ಫಝಲ್ ಕರೀಂ. ಪಾಕಿಸ್ತಾನದ ಮೀರ್‌ಪುರದ ಕಡೆಯವನು, ನಮ್ಮ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಎರಚಿ ಅರ್ಧ ಆಯುಸ್ಸು ಕಳೆದವನು. ಹೆಂಡತಿ ಊರಲ್ಲಿ ಜ್ವರ ಬಂದು ತೀರಿಕೊಂಡಾಗ ಈತ ನಡುಗಡಲಲ್ಲಿದ್ದ. ಮಕ್ಕಳಿಲ್ಲ. ಯುದ್ಧ ಮುಗಿದ ಮೇಲೆ ಹಡಗು ಬಿಟ್ಟು ನಮ್ಮ ಮಿಲ್ಲಿನ ರಾತ್ರಿ ಪಾಳಿಗೆ ಸೇರಿದ. ಹಗಲು ಐವಿ ನೇಯುವ ಆರು ಮಗ್ಗಗಳನ್ನೇ ರಾತ್ರಿ ಫಝಲ್ ನೇಯುತ್ತಿದ್ದ. ಎಷ್ಟೋ ವರ್ಷ ಇಬ್ಬರಿಗೂ ಪಾಳಿ ಬದಲಾಗುವ ಗಳಿಗೆಯಷ್ಟೇ ಭೇಟಿ. ಆದರೆ ಒಂದೇ ಮಗ್ಗದಲ್ಲಿ ದುಡಿಯುವವರಿಗೆ ಒಬ್ಬರ ಗುಣ ಇನ್ನೊಬ್ಬರಿಗೆ ತಿಳಿಯದೆ ಇರುತ್ತದೆಯೇ? ಮೊದಲು ಆ ರಾತ್ರಿ ಪಾಳಿಯಲ್ಲಿದ್ದವನು ಸೋಮಾರಿ, ಕಡಿದ ಎಳೆಗಳನ್ನು ಹಾಗೇ ಬಿಟ್ಟು ಹೋಗುವವನು. ಫಝಲ್ ಬಂದ ಮೇಲೆ ಬೆಳಿಗ್ಗೆ ಮಗ್ಗದ ಕೆಳಗೆ ಒಂದು ಹಿಡಿ ಹತ್ತಿ ಧೂಳಿರುತ್ತಿರಲಿಲ್ಲ. ಹಾಸಿನ ಎಳೆಗಳು ಸರಿಯಾಗಿರುತ್ತಿದ್ದವು. ನೂಲು ಸುತ್ತಿದ ಕಂಡಿಕೆಯ ಡಬ್ಬಿಯ ಮೇಲೆ ಕಾಗದದ ಪೊಟ್ಟಣದಲ್ಲಿ ಒಂದಿಷ್ಟು ಹುರಿಗಡಲೆ. ಐವಿ ಮೊದಲ ಸಲ ಅದನ್ನು ಮೂಸಿ ನೋಡಿ ಬರ್ತಾಗೆ ಕೊಟ್ಟಳು. ಬರ್ತಾ ತಿಂದು ಸಾಯಲಿಲ್ಲವಾದ್ದರಿಂದ ಮಾರನೆಯ ದಿನ ತಾನೂ ತಿಂದಳು. ಬರಬರುತ್ತ ಅವಳೂ ಸಂಜೆ ಅದೇ ಡಬ್ಬಿಯ ಮೇಲೆ ಒಂದು ತುಂಡು ಶುಂಠಿ ಕೇಕು ಇಟ್ಟು ಹೋಗತೊಡಗಿದಳು.

ಆತ ನಮ್ಮ ಮಾತನ್ನು ಕಿವಿಯಿಂದ ಕಲಿಯುವ ಮೊದಲು ಕಣ್ಣಿನಿಂದ ಕಲಿತವನು. ಬಾಯಿ ಬಿಟ್ಟು ಮಾತಾಡಿದರೆ ತಡವರಿಸುತ್ತಿದ್ದ. ತುಟಿಮಾತಿನಲ್ಲಾದರೋ ಅಪ್ಪಟ ಬ್ರಾಕ್‌ಡೆನ್ನಿನವನು. ಬೈಗುಳವೂ ಸ್ಪಷ್ಟ.

ಅರವತ್ತೆರಡನೆಯ ಇಸವಿಯ ವಸಂತದಲ್ಲಿ ಹಗಲು ಪಾಳಿಗೆ ಜನ ಸಾಲದೆ ಫಝಲ್‌ನನ್ನೂ ಆತನ ಊರ ಕಡೆಯ ಇನ್ನಿಬ್ಬರನ್ನೂ ಹಗಲಿಗೆ ಹಾಕಿದರು. ಆತನಿಗೆ ಐವಿಯ ಎದುರು ಸಾಲಿನ ಮಗ್ಗಗಳು ಬಂದವು. ಒಂದು ದಿನ ಪಕ್ಕದ ಬರ್ತಾ ಕಂಡಿಕೆ ತರಲು ಹೋಗಿದ್ದಾಗ, ನಾನೂರು ಮಗ್ಗಗಳ ಗದ್ದಲದ ನಡುವೆ, ಆತ ತುಟಿಯಲ್ಲೇ ಕೇಳಿದ. "ಮಿಸೆಸ್, ನಿಮಗೂ ಯಾರೂ ಇಲ್ಲ ಅನ್ನಲ್ಲ, ಮಗ ಇದಾನೆ. ಆದ್ರೂ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

ಐವಿಯ ಮೂರನೆಯ ಮಗ್ಗದಲ್ಲಿ ಎಳೆ ಕಡಿಯಿತು. ಗಂಟು ಹಾಕಿ ತಲೆಯೆತ್ತಿದಳು.

"ಅವಸರ ಇಲ್ಲ," ಎಂದವು ಆತನ ತುಟಿಗಳು. "ಯೋಚನೆ ಮಾಡಿ ಹೇಳಿ."

ಅವಸರವಿಲ್ಲವಂತೆ! ಅವತ್ತಿನಿಂದ ಐವಿ ಅಂಡು ಸುಟ್ಟ ಬೆಕ್ಕಾದಳು. ಮನಸ್ಸು ಆಗಲಿ ಎನ್ನುತ್ತಿತ್ತು. ಬೀದಿ ನೆನಪಾದರೆ ಬೇಡ ಎನ್ನುತ್ತಿತ್ತು. ಬೀದಿಯನ್ನಾದರೂ ಎದುರಿಸಬಲ್ಲಳು, ಡೆರೆಕ್? ಅವನಿಗೆ ಹೇಳಬೇಕು. ಹೇಗೆ ಹೇಳುವುದು? ಅವಳ ಸಂಕಟವೆಲ್ಲ ಆ ಒಂದು ಮಾತಿನ ಸುತ್ತಲೇ ಸುತ್ತುತ್ತಿತ್ತು. ತಿಕ್ಕಿದ ಮೆಟ್ಟಿಲನ್ನೇ ಮತ್ತೆ ತಿಕ್ಕಿದಳು.

ಆ ಹೊತ್ತಿಗೆ ಸರಿಯಾಗಿ ಲಂಡನ್ನಿನಿಂದ ಸಿನಿಮಾದವರು ಬಂದಿಳಿದರು.

ದುಡಿಯುವ ಜನರ ನಿಜವಾದ ಬದುಕನ್ನು ಇದ್ದದ್ದು ಇದ್ದ ಹಾಗೆ ತೋರಿಸುತ್ತಾರಂತೆ. ಆ ವರ್ಷಗಳಲ್ಲಿ ಅದೇ ಹುಚ್ಚು. ಉತ್ತರದ ಯಾವ ಊರಿಗೆ ಹೋದರೂ ದಪ್ಪ ಉಣ್ಣೆ ಕೋಟಿನ ಒಬ್ಬ ಹುಡುಗ ಚಿಮಣಿಯ ಕಡೆ ಬೆರಳಿನ ಚೌಕಟ್ಟು ಹಿಡಿದು ನಿಂತಿರುತ್ತಿದ್ದ. ನಮ್ಮಲ್ಲಿಗೆ ಬಂದ ನಿರ್ದೇಶಕನ ಹೆಸರು ಲಿಂಗಾರ್ಡ್. ಒಳ್ಳೆಯ ಹುಡುಗ, ಸುಳ್ಳು ಯಾಕೆ ಹೇಳಲಿ. ಎಲ್ಲರನ್ನೂ ಹೆಸರು ಕೇಳಿ ಮಾತಾಡಿಸುತ್ತಿದ್ದ, ಚಿಪ್ಸ್ ಅಂಗಡಿಯಲ್ಲಿ ಸರದಿಗೆ ನಿಲ್ಲುತ್ತಿದ್ದ. ಆದರೆ ಇದ್ದದ್ದು ಅವನ ಕಣ್ಣಿಗೆ ಸಾಲುತ್ತಿರಲಿಲ್ಲ. ಶೂಟಿಂಗಿಗೆಂದು ಐವಿ, ಬರ್ತಾ ಮುಂತಾದವರು ಹಿಂದಿನ ದಿನವೇ ಕೂದಲಿಗೆ ಗುಂಗುರು ಹಾಕಿಸಿ, ಒಗೆದು ಇಸ್ತ್ರಿ ಮಾಡಿದ ಮೇಲಂಗಿ ತೊಟ್ಟು ಬಂದರು. ಬಟ್ಟೆಯ ಉಸ್ತುವಾರಿಯ ಹುಡುಗಿ ಅವರನ್ನು ನೋಡಿ ಹೌಹಾರಿದಳು. ನೀರು ಚಿಮುಕಿಸಿ ಗುಂಗುರನ್ನೆಲ್ಲ ಚಪ್ಪಟೆ ಮಾಡಿ, ಲಂಡನ್ನಿನಿಂದಲೇ ತಂದ ಹರಕು ಏಪ್ರನ್ ಕಟ್ಟಿದಳು.

"ಏನಂತೆ?" ಎಂದಳು ಬರ್ತಾ.

"ನಾವು ನಮ್ಮ ಹಾಗೆ ಕಾಣ್ತಾ ಇಲ್ವಂತೆ ಕಣೇ," ಎಂದಳು ಐವಿ. "ಈಗ ಕಾಣ್ತೀವಂತೆ."

"ನನ್ನಮ್ಮ ಈ ಏಪ್ರನ್ನಲ್ಲಿ ನೆಲಾನೂ ಒರೆಸ್ತಿರ್ಲಿಲ್ಲ."

"ಸುಮ್ನಿರು. ನಿಜವಾದ ಬದುಕು ಅಂದ್ರೆ ಹಿಂಗೇ ಇರುತ್ತಂತೆ."

ನಾಯಕಿಯಾಗಿ ಲಂಡನ್ನಿನ ಒಂದು ಚೆಂದದ ಹುಡುಗಿ ಬಂದಿದ್ದಳು. ಅವಳಿಗೆ ಒಂದು ಸಾಲು ಮಗ್ಗ ಬೇಕಿತ್ತು. ಯಾವುದನ್ನು ಕೊಡುವುದೆಂದು ಲಿಂಗಾರ್ಡ್ ಶೆಡ್ಡಿನ ಉದ್ದಕ್ಕೂ ಕಣ್ಣಾಡಿಸಿದ. ಅವನ ಕಣ್ಣು ಫಝಲ್ ಮೇಲೆ ನಿಂತಿತು, ಆಮೇಲೆ ಅವನ ಸಂಗಡಿಗರಿಬ್ಬರ ಮೇಲೆ. ಮ್ಯಾನೇಜರನ ಕಿವಿಯಲ್ಲಿ ಏನೋ ಹೇಳಿದ. ಮಗ್ಗಗಳು ಆಗ ನಿಂತಿದ್ದವು, ಐವಿಗೆ ಕೇಳಿಯೇ ಕೇಳಿತು.

"ಆ ಮೂರು ಜನ ಇವತ್ತು ಮಧ್ಯಾಹ್ನ ರಜಾ ತಗೊಳ್ಳಲಿ. ದಿನದ ಸಂಬಳ ನಾವೇ ಕೊಡ್ತೀವಿ. ಬೇಜಾರು ಮಾಡ್ಕೋಬೇಡಿ ಅಂತ ಹೇಳಿ."

"ಯಾಕೆ?" ಎಂದಳು ಐವಿ, ಯಾರೂ ಕೇಳದಿದ್ದರೂ. "ಅವರು ಇಲ್ಲೇ ಕೆಲಸ ಮಾಡೋರು."

ಲಿಂಗಾರ್ಡ್ ಅವಳ ಹತ್ತಿರ ಬಂದ. "ಗೊತ್ತು ಮಿಸೆಸ್ ಕ್ರಾಂಪ್ಟನ್. ಆದ್ರೆ ಇದು ನಿಮ್ಮ ಕಥೆ. ಇಲ್ಲಿನ ದುಡಿಯೋ ಜನರ ಕಥೆ. ಅವರು ಕಾಣಿಸ್ಕೊಂಡ್ರೆ ನೋಡೋರು ಕಥೆ ಬಿಟ್ಟು ಅದನ್ನೇ ಕೇಳ್ತಾರೆ. ಒಂದು ಚಿತ್ರದಲ್ಲಿ ಎಲ್ಲಾ ಹೇಳೋಕಾಗಲ್ಲ ನೋಡಿ."

"ಮತ್ತೆ ಅವರೇನು ದುಡೀದೆ ಸುಮ್ನೆ ನಿಂತಿದಾರಾ?"

ಅವನು ನಕ್ಕು ಅವಳ ಭುಜ ಮುಟ್ಟಿದ. ಕ್ಯಾಮೆರಾದ ಕಡೆ ಹೋದ. ಫಝಲ್ ಕೈ ಒರೆಸಿಕೊಂಡು ಗೂಟದ ಮೇಲಿನ ಕೋಟು ತೆಗೆದುಕೊಂಡ.

"ಹಡಗಲ್ಲಿ ದುಡಿದೆ, ಮಿಲ್ಲಲ್ಲಿ ದುಡಿದೆ," ಎಂದ ಸಂಗಡಿಗರಿಗೆ ಕೇಳುವಂತೆ, ತಡವರಿಸುವ ತನ್ನ ಬಾಯಿಮಾತಿನಲ್ಲಿ. "ದುಡೀಬೇಡ ಅಂತ ಸಂಬಳ ಕೊಟ್ಟೋರು ಇವರೇ ಮೊದಲು. ನಡೀರಿ." ಬಾಗಿಲಲ್ಲಿ ನಿಂತು ಐವಿಯ ಕಡೆ ತಿರುಗಿ ತುಟಿಯಲ್ಲಿ ಹೇಳಿದ: "ಚೆನ್ನಾಗಿ ಕಾಣಿ."

ಆತನ ಮಗ್ಗಗಳಿಗೆ ನಾಯಕಿ ಬಂದಳು. ಎಳೆ ಗಂಟು ಹಾಕಲು ಬಾರದ ಕೈ. ಐವಿಯನ್ನೇ ಕರೆದು ಕಲಿಸಲು ಹೇಳಿದರು. ಆ ಹುಡುಗಿಯದೇನು ತಪ್ಪು, ಪಾಪ, ಮೈಯೆಲ್ಲ ಕಣ್ಣಾಗಿ ಕಲಿತಳು. ಆದರೆ ಫಝಲ್ ನಿಲ್ಲುತ್ತಿದ್ದ ಹಲಗೆಯ ಮೇಲೆ ಅವಳ ಪುಟ್ಟ ಬೂಟು ಕಂಡಾಗ ಐವಿಯ ಎದೆಯಲ್ಲಿ ಏನೋ ಕುದಿಯಿತು. ತನ್ನನ್ನು ಯಾರೋ ಹೊರಗೆ ಕಳಿಸಿದಷ್ಟೇ ಸಿಟ್ಟು ಬಂತು. ಅಷ್ಟು ಸಿಟ್ಟು ಯಾಕೆ ಬಂತೆಂದು ಹೊಳೆದಾಗ ಇಷ್ಟು ದಿನದ ಯೋಚನೆ ಒಂದೇ ಏಟಿಗೆ ಮುಗಿದುಹೋಯಿತು.

ಮಗ್ಗ ಶುರುವಾಯಿತು. ಕ್ಯಾಮೆರಾವನ್ನು ಐವಿಯ ಮುಖದ ಹತ್ತಿರ ತಂದರು. ಶುರುವಾಗುವ ಮುನ್ನ ಲಿಂಗಾರ್ಡ್ ಹೇಳಿದ್ದಿಷ್ಟೇ: "ನಿಮ್ಮ ಗೆಳತಿ ಜೊತೆ ಏನಾದ್ರೂ ಮಾತಾಡ್ಕೊಳ್ಳಿ. ಏನು ಬೇಕಾದ್ರೂ. ಈ ಸದ್ದಲ್ಲಿ ಯಾರಿಗೆ ಕೇಳುತ್ತೆ?"

ಐವಿ ಬರ್ತಾಳ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಅವಳು ಯಾವ ಮಾತನ್ನೂ ಅಷ್ಟು ಬಿಡಿಸಿ ಹೇಳಿರಲಿಲ್ಲ. "ಫಝಲ್ ಕರೀಂ ನನ್ನ ಮದುವೆ ಆಗ್ತೀರಾ ಅಂತ ಕೇಳಿದಾರೆ. ಇಷ್ಟು ದಿನ ಯೋಚನೆ ಮಾಡ್ತಿದ್ದೆ. ಇನ್ನು ಮಾಡಲ್ಲ. ಆಗ್ತೀನಿ. ಈ ಉಣ್ಣೆ ಕೋಟಿನವನು ಬೇಕಾದ್ರೆ ನನ್ನನ್ನೂ ಹೊರಗೆ ಕಳಿಸಲಿ."

ಬರ್ತಾಳ ದವಡೆ ಜೋತುಬಿತ್ತು. ಲಿಂಗಾರ್ಡ್ ಚಪ್ಪಾಳೆ ತಟ್ಟಿದ. ಎಷ್ಟು ಸಹಜ, ಎಷ್ಟು ಸಹಜ ಎಂದು ಕ್ಯಾಮೆರಾದವನ ಬೆನ್ನು ಬೇರೆ ತಟ್ಟಿದ.

ಅವತ್ತು ಸಂಜೆ ಐವಿ ಕಾಲು ನೆಲಕ್ಕೆ ತಾಗದ ಹಾಗೆ ಮನೆಗೆ ಬಂದಳು. ಆಲೂಗಡ್ಡೆ ಕಡುಬು ಬೇಯಿಸಿದಳು. ಡೆರೆಕ್ ಊಟಕ್ಕೆ ಕೂತ. ಹೇಳಿಬಿಡುತ್ತೇನೆ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರು ಮಾಡಿದ.

"ಡಿಪೋದಲ್ಲಿ ನಾಳೆ ಓಟು ಹಾಕ್ತಿದೀವಮ್ಮ. ಆ ಪಾಕಿಸ್ತಾನದೋರನ್ನ ಬಸ್ಸಿಗೆ ತಗೊಳ್ಳೋಕೆ ಹೊರಟಿದಾರೆ."

"ನೀನು ಯಾವ ಕಡೆ?"

"ಎಲ್ರೂ ಯಾವ ಕಡೆಯೋ ಆ ಕಡೆ." ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ. "ನಂಗೇನೂ ಅವರ ಮೇಲೆ ಸಿಟ್ಟಿಲ್ಲ. ಅವರ ಪಾಡಿಗೆ ಅವರಿರಲಿ, ನಮ್ಮ ಪಾಡಿಗೆ ನಾವಿರೋಣ. ಹೋದ ವಾರ ನೆಲ್ಸನ್ ಬೀದಿಯ ಒಬ್ಬಳು ಅವರಲ್ಲಿ ಒಬ್ಬನ್ನ ಕಟ್ಕೊಂಡ್ಳಂತೆ. ಅವಳ ತಮ್ಮ ನಮ್ಮ ಡಿಪೋದಲ್ಲೇ ಇದಾನೆ. ಈಗ ಅವನ ಜೊತೆ ಯಾರೂ ಟೀಗೆ ಕೂರಲ್ಲ. ಮುಖ ಎತ್ಕೊಂಡು ಓಡಾಡೋಕಾಗ್ತಿಲ್ಲ ಪಾಪ ಅವನಿಗೆ."

ಐವಿ ಎದ್ದು ಹೋಗಿ, ತೊಳೆದ ಪಾತ್ರೆಯನ್ನೇ ತೊಳೆದಳು.

ಹೇಡಿ ಎನ್ನಬೇಡಿ. ಹೊರಗಿನವರಿಗೆ ಹೆದರುವವಳಾಗಿದ್ದರೆ ಹೇಡಿ ಎನ್ನಬಹುದಿತ್ತು. ಒಂದೇ ಕೂಸನ್ನು ನೆಚ್ಚಿಕೊಂಡು ಬದುಕಿದವಳಿಗೆ ಆ ಕೂಸು ಟೀಗೆ ಒಬ್ಬನೇ ಕೂತ ಚಿತ್ರ ಕಣ್ಣಿಗೆ ಕಟ್ಟಿದರೆ ಏನು ಮಾಡಿಯಾಳು? ಮರುದಿನ ಮಿಲ್ಲಿನ ಗೇಟಿನ ಹೊರಗೆ ಫಝಲ್‌ಗೆ ಬಾಯಿ ಬಿಟ್ಟೇ ಹೇಳಿದಳು. ತುಟಿಮಾತಿನಲ್ಲಿ ಹೇಳಿದ್ದರೆ ಸುತ್ತ ಇರುವವರಿಗೆಲ್ಲ ತಿಳಿಯುತ್ತಿತ್ತು, ಪಿಸುಗುಟ್ಟಿದರೆ ಆತನೊಬ್ಬನಿಗೆ.

"ಆಗಲ್ಲ, ಮಿಸ್ಟರ್ ಕರೀಂ. ನನ್ನ ಮಗ..."

"ಸರಿ, ಮಿಸೆಸ್," ಎಂದ ಫಝಲ್. ಅದೇ ವಾರ ರಾತ್ರಿ ಪಾಳಿಗೆ ಹಿಂದಿರುಗಿದ. ಬೆಳಿಗ್ಗೆ ಮಗ್ಗ ಎಂದಿನ ಹಾಗೆ ಚೊಕ್ಕಟವಾಗಿರುತ್ತಿತ್ತು. ಡಬ್ಬಿಯ ಮೇಲೆ ಹುರಿಗಡಲೆ ಇರುತ್ತಿರಲಿಲ್ಲ. ಐವಿ ಇಟ್ಟ ಶುಂಠಿ ಕೇಕು ಮುಟ್ಟದೆ ಹಾಗೇ ಉಳಿದಿರುತ್ತಿತ್ತು. ಅದನ್ನು ಅವಳು ಟೀಯಲ್ಲಿ ಅದ್ದಿ ತಾನೇ ತಿಂದಳು.

ಬೇಸಿಗೆ ಕಳೆಯಿತು. ಒಂದು ದಿನ ಗೇಟಿನ ಹತ್ತಿರ ಸಿನಿಮಾದ ಭಿತ್ತಿಪತ್ರ ಅಂಟಿಸಿದರು. ಚಿತ್ರದ ಹೆಸರಿನಲ್ಲಿ ಹೊಗೆ ಎಂಬ ಪದವಿತ್ತು, ಇರಲೇಬೇಕಲ್ಲ. ಬರ್ತಾ ಅದನ್ನು ನೋಡುತ್ತ ನಿಂತವಳು ಸರಕ್ಕನೆ ಐವಿಯ ತೋಳು ಹಿಡಿದಳು.

"ಅಲ್ವೇ ಐವಿ. ನೀನು ಅವತ್ತು ಕ್ಯಾಮೆರಾ ಮುಂದೆ ಹೇಳಿದ್ದು."

"ಏನು ಹೇಳಿದ್ದು?"

"ಏನು ಅಂತ ನನ್ನ ಕೇಳ್ತೀಯಾ? ಲಂಡನ್ನೋರಿಗೆ ಕೇಳಲ್ಲ ಕಣೇ. ಇಲ್ಲಿನೋರಿಗೆ ಕಣ್ಣಿಲ್ವಾ?"

ಐವಿಗೆ ಆಗ ಹೊಳೆಯಿತು. ಸದ್ದಿದ್ದರೆ ಯಾರಿಗೂ ಕೇಳದು ಎಂದು ಆ ಹುಡುಗ ಹೇಳಿದಾಗ ಹೂಂ ಎಂದು ನಂಬಿದ್ದಳಲ್ಲ! ಜೀವಮಾನವೆಲ್ಲ ಸದ್ದಿನಲ್ಲೇ ಮಾತಾಡಿದವಳು. ಬೇರೆ ಯಾವ ಊರಿನವಳಾದರೂ ಇಂಥ ಪೆದ್ದುತನ ಮಾಡುತ್ತಿರಲಿಲ್ಲ. ಏಕೆಂದರೆ ಬೇರೆ ಊರಿನವಳು ಬರೀ ಗೊಣಗುತ್ತಿದ್ದಳು, ಇವಳು ಶೆಡ್ಡಿನ ಆ ತುದಿಗೂ ಕಾಣುವ ಹಾಗೆ ಹೇಳಿದ್ದಳು.

ಅಲ್ಲಿಂದ ನಿದ್ದೆ ಇಲ್ಲ. ಎಂಪ್ರೆಸ್ ಟಾಕೀಸಿನ ಮ್ಯಾನೇಜರ್ ಪಿಲ್ಲಿಂಗ್ ಹತ್ತಿರ ಹೋದಳು.

"ಆ ಪಿಕ್ಚರು ಬರದೇ ಇರೋ ಹಾಗೆ ಮಾಡೋಕಾಗುತ್ತಾ?"

ಪಿಲ್ಲಿಂಗ್ ಹೊಟ್ಟೆ ಹಿಡಿದು ನಕ್ಕ. "ನಾಚಿಕೆಯಾ ಐವಿ? ಇಡೀ ಊರು ಕಾಯ್ತಾ ಕೂತಿದೆ. ಹೋಗು, ಹೋಗಿ ಕೂದಲು ಮಾಡಿಸ್ಕೋ."

ಆ ತುಂಡನ್ನು ಕತ್ತರಿಸಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು. ಸಿನಿಮಾದಲ್ಲಿ ಎಷ್ಟೆಲ್ಲ ಕತ್ತರಿಸುತ್ತಾರಂತಲ್ಲ. ಅಷ್ಟರಲ್ಲಿ ಪತ್ರಿಕೆಯಲ್ಲಿ ಲಂಡನ್ನಿನ ಯಾರೋ ಪಂಡಿತರು ಬರೆದರು, ಆ ಚಿತ್ರದಲ್ಲಿ ನೇಯುವ ಹೆಂಗಸೊಬ್ಬಳ ಮುಖವಿದೆ, ಉತ್ತರದ ಸತ್ಯವೆಲ್ಲ ಅದರಲ್ಲಿದೆ ಎಂದು. ಬರ್ತಾ ಅದನ್ನು ಓದಿ ಹೇಳಿದಾಗ ಐವಿ ಗೋಡೆ ಹಿಡಿದುಕೊಂಡಳು.

ಡೆರೆಕ್ ಮಾತ್ರ ಕುಣಿಯುತ್ತಿದ್ದ. ಡಿಪೋದಲ್ಲೆಲ್ಲ ಡಂಗುರ ಸಾರಿ ಬಂದಿದ್ದ. ಒಳ್ಳೆಯ ಸಾಲಿನಲ್ಲಿ ಎರಡು ಟಿಕೆಟ್ಟು ತಂದು ಗಡಿಯಾರದ ಹಿಂದೆ ಸಿಕ್ಕಿಸಿದ. "ನನ್ನಮ್ಮ ಪರದೆ ಮೇಲೆ!" ಎನ್ನುತ್ತಿದ್ದ. ಐವಿ ಹೇಳಬೇಕೆಂದು ಅವನ ಕೋಣೆಯ ಬಾಗಿಲಿಗೆ ಹೋಗುವಳು, ಒಗೆದ ಕಾಲುಚೀಲ ಕೊಟ್ಟು ಬರುವಳು. ಜ್ವರ ಎಂದು ಮಲಗು ಎಂದಳು ಬರ್ತಾ. ಮಲಗಿದರೆ ಡೆರೆಕ್ ಒಬ್ಬನೇ ಹೋಗುತ್ತಾನೆ, ಅದು ಇನ್ನೂ ಕೆಟ್ಟದ್ದು. ಫಝಲ್‌ಗಾದರೂ ಮೊದಲೇ ಹೇಳೋಣವೆಂದರೆ ಏನೆಂದು ಹೇಳುವುದು? ನಿಮಗೆ ಹೇಳಿದ್ದು ಒಂದು, ಪರದೆ ಮೇಲೆ ಹೇಳಿದ್ದು ಇನ್ನೊಂದು, ನೋಡಬೇಡಿ ಎಂದೇ?

ಆ ಶನಿವಾರ ಸಂಜೆ ಎಂಪ್ರೆಸ್ ಕಿಕ್ಕಿರಿದಿತ್ತು. ಮೇಯರ್ ತನ್ನ ಅಧಿಕಾರದ ಸರಪಣಿ ತೊಟ್ಟು ಬಂದಿದ್ದ. ಬ್ರೂಕ್ ಮಿಲ್ಲಿನ ಹೆಂಗಸರೆಲ್ಲ ಗುಂಗುರು ಕೂದಲಿನಲ್ಲಿ, ಯಾರೂ ಚಪ್ಪಟೆ ಮಾಡದ ಹಾಗೆ, ನಡು ಸಾಲುಗಳಲ್ಲಿ ತುಂಬಿದ್ದರು. ಫಝಲ್ ಸಂಗಡಿಗರ ಜೊತೆ ಐವಿಗಿಂತ ಮೂರ್ನಾಲ್ಕು ಸಾಲು ಮುಂದೆ ಕೂತಿದ್ದ. ಅವರಿಗೇನೂ ಎಂಪ್ರೆಸ್ ಹೊಸದಲ್ಲ. ಭಾನುವಾರ ಬೆಳಿಗ್ಗೆ ಅಲ್ಲಿ ಅವರ ಕಡೆಯ ಹಾಡಿನ ಸಿನಿಮಾ ನಡೆಯುತ್ತಿತ್ತು.

ಚಿತ್ರ ಶುರುವಾಯಿತು. ಜನ ಬಿದ್ದು ಬಿದ್ದು ನಕ್ಕರು, ನಗಬಾರದ ಕಡೆಯಲ್ಲೇ. ನಾಯಕಿ ನಮ್ಮ ಮಾತನ್ನು ಬಾಯಿತುಂಬ ಬಿಸಿ ಆಲೂಗಡ್ಡೆ ಇಟ್ಟುಕೊಂಡ ಹಾಗೆ ಆಡಿದಳು. ನಮ್ಮಲ್ಲಿ ಮನೆಮನೆಯಲ್ಲೂ ಸೋಮವಾರ ಒಗೆಯುವ ಬಟ್ಟೆಯನ್ನು ಗುರುವಾರ ಒಗೆದು ಹಾಕಿದರು. ಪಾಳಿ ಬಿಟ್ಟು ಜನ ಗೇಟಿನಿಂದ ಹೊರಬರುವ ದೃಶ್ಯ ಬಂದಾಗ ಯಾವನೋ ಹಿಂದಿನಿಂದ ಕೂಗಿದ: "ನಮ್ಮ ರಾತ್ರಿ ಪಾಳಿಯೋರೆಲ್ಲ ಎಲ್ಲಿಗೆ ಹೋದ್ರೋ?" ಫಝಲ್‌ನ ಸಂಗಡಿಗ ತಿರುಗಿ, "ರಜಾ, ಸಂಬಳ ಸಮೇತ," ಎಂದ. ಇಡೀ ಎಂಪ್ರೆಸ್ ನಕ್ಕಿತು. ಡೆರೆಕ್ ಕೂಡ ನಕ್ಕ. ಐವಿಯ ಕಾಲು ಅಲ್ಲಾಡುತ್ತಲೇ ಇತ್ತು.

ಆಮೇಲೆ ಶೆಡ್ಡು. ನಾನೂರು ಮಗ್ಗ ಎಂಪ್ರೆಸ್ಸಿನ ಗೋಡೆ ಅದುರುವ ಹಾಗೆ ಬಡಿದವು. ಪರದೆಯ ತುಂಬ ಐವಿಯ ಮುಖ, ಮನೆಯಷ್ಟು ದೊಡ್ಡದು. "ಅಮ್ಮಾ," ಎಂದು ಡೆರೆಕ್ ಅವಳ ಕೈ ಹಿಡಿದ. ಪರದೆಯ ಮೇಲಿನ ತುಟಿಗಳು ತೆರೆದವು. ಫಝಲ್ ಕರೀಂ ಎಂದವು. ಆಮೇಲಿನದೆಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದವು.

ನಗು ನಿಂತಿತು. ನಡು ಸಾಲುಗಳ ಹೆಂಗಸರು ಉಸಿರು ಒಳಗೆಳೆದುಕೊಂಡರು. ಒಂದೊಂದೇ ತಲೆ ತಿರುಗಿತು, ಮೊದಲು ಐವಿಯ ಕಡೆ, ಆಮೇಲೆ ಮುಂದೆ ಕೂತ ಫಝಲ್ ಕಡೆ. ಒಳಗೆ ಬರಗೊಡದ ಮನುಷ್ಯನನ್ನು ಅವಳು ಬಾಯಲ್ಲಿಟ್ಟುಕೊಂಡು ಪರದೆಯ ನಡುವೆ ನಿಲ್ಲಿಸಿಬಿಟ್ಟಿದ್ದಳು. ಚಿತ್ರ ತೆಗೆದವನಿಗೇ ಅದು ಗೊತ್ತಿರಲಿಲ್ಲ.

ಡೆರೆಕ್ ಎಡಕ್ಕೆ ಬಲಕ್ಕೆ ನೋಡಿದ. "ಏನಮ್ಮ? ಯಾಕೆ ಎಲ್ರೂ ನೋಡ್ತಿದಾರೆ? ಏನಂದೆ ನೀನು?"

ಸುತ್ತ ಕೂತವರಲ್ಲಿ ಅವನೊಬ್ಬನಿಗೇ ಗೊತ್ತಾಗದೆ ಉಳಿದದ್ದು. ಟೀ ಹೊತ್ತಾಯಿತು ಎಂದೆ ಎಂದು ಹೇಳಿದ್ದರೆ ಅವನು ನಂಬುತ್ತಿದ್ದ. ಬರ್ತಾ ಮುಂದಿನ ಸಾಲಿನಿಂದ ತಿರುಗಿ ಹಾಗೇ ಹೇಳು ಎಂದು ತುಟಿಯಾಡಿಸಿದಳು ಕೂಡ. ಐವಿ ಮಗನ ಮುಖ ನೋಡಿದಳು. ಇವನ ಮುಖವನ್ನು ಗೋಡೆಗೆ ತಿರುಗಿಸಿದ್ದು ಸಾಕು ಎನಿಸಿತು. ಅವನ ಕಿವಿಗೆ ಬಾಯಿಟ್ಟು, ಆ ಗದ್ದಲದಲ್ಲಿ, ಪರದೆಯ ಮೇಲೆ ಹೇಳಿದ್ದನ್ನು ಹಾಗೇ ಹೇಳಿದಳು.

ಡೆರೆಕ್ ಅವಳ ಕೈ ಬಿಟ್ಟ. ಆಮೇಲೆ ಟೋಪಿ ತೆಗೆದುಕೊಂಡು, ಸಾಲಿನವರ ಮೊಣಕಾಲು ದಾಟಿಕೊಂಡು, ಹೊರಗೆ ಹೋದ.

ಮಗ್ಗಗಳು ಇನ್ನೂ ಬಡಿಯುತ್ತಿದ್ದವು. ಮುಂದೆ ಫಝಲ್ ಪಕ್ಕಕ್ಕೆ ತಿರುಗಿದ್ದ. ಪರದೆಯ ಬೆಳಕು ಆತನ ಅರ್ಧ ಮುಖದ ಮೇಲಿತ್ತು. ನೇಯುವವರಿಗೆ ಅರ್ಧ ಸಾಕು.

"ಅದು ಅವತ್ತಿನ ಮಾತೋ, ಇವತ್ತಿನದೂ ಹೌದೋ?" ಎಂದು ಕೇಳಿದವು ಆತನ ತುಟಿಗಳು.

ಐವಿ ಬಾಗಿಲ ಕಡೆ ಒಂದು ಸಲ ನೋಡಿದಳು. ಡೆರೆಕ್ ಕಾಣಲಿಲ್ಲ. ಅಳು ಬಂತು, ತಡೆದಳು.

"ಇವತ್ತಿನದೂ," ಎಂದಳು. ಇಡೀ ಎಂಪ್ರೆಸ್ ಅದನ್ನು ನೋಡಿತು.

ಡೆರೆಕ್ ಡಿಪೋದ ಹತ್ತಿರ ಒಂದು ಕೋಣೆ ಹಿಡಿದ. ಬೀದಿಯ ಕೆಲವರು ಮಾತು ಬಿಟ್ಟರು, ಕೆಲವರು ಮೊದಲಿಗಿಂತ ಹೆಚ್ಚು ಆಡಿದರು. ಐವಿ ಎರಡನ್ನೂ ಸಹಿಸಿದಳು. ಮಗ ಬಿಟ್ಟುಹೋದ ಮನೆಯನ್ನು ಸಹಿಸುವುದು ಮಾತ್ರ ಆಗಲಿಲ್ಲ. ಅವನ ಬಸ್ಸು ಬರುವ ಹೊತ್ತಿಗೆ ಬೀದಿ ತುದಿಗೆ ಹೋಗಿ ನಿಲ್ಲುವಳು. ಬಸ್ಸು ನಿಂತರೂ ಹತ್ತುವಳಲ್ಲ. ಅವನು ಗಂಟೆ ಹೊಡೆದು ಮುಖ ತಿರುಗಿಸುವನು. ಬೆಳಿಗ್ಗೆ ಡಬ್ಬಿಯ ಮೇಲೆ ಹುರಿಗಡಲೆ ಮತ್ತೆ ಇರುತ್ತಿತ್ತು. ಅದನ್ನು ತಿನ್ನುತ್ತ ಅತ್ತಳು ಒಂದು ದಿನ. ಪಕ್ಕದಲ್ಲಿದ್ದ ಬರ್ತಾ ನೋಡಿಯೂ ನೋಡದ ಹಾಗಿದ್ದಳು.

ಲಂಡನ್ನಿನಲ್ಲಿ ಆ ಚಿತ್ರವನ್ನು ಈಗಲೂ ತೋರಿಸುತ್ತಾರಂತೆ, ಓದಿದವರು ಅದರ ಬಗ್ಗೆ ಭಾಷಣ ಮಾಡುತ್ತಾರಂತೆ. ಅದರಲ್ಲಿ ಬಿಳಿಯರಲ್ಲದವರು ಒಬ್ಬರೂ ಇಲ್ಲ ಎಂದು ಈಗ ಆಕ್ಷೇಪಣೆಯಂತೆ. ಇರಲಿ, ಆಕ್ಷೇಪಣೆ ಸರಿಯಾದದ್ದೇ. ಆದರೆ ಆ ಹೆಂಗಸು ಏನು ಹೇಳುತ್ತಿದ್ದಾಳೆ ಎಂದು ಅವರಲ್ಲಿ ಒಬ್ಬರೂ ಇದುವರೆಗೆ ಕೇಳಿಲ್ಲ.

ಮಾಗಿಯ ಚಳಿ ಮುಗಿಯುವ ಮೊದಲು ಐವಿ ಮತ್ತು ಫಝಲ್ ಟೌನ್ ಹಾಲಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು. ಬರ್ತಾ ಸಾಕ್ಷಿ ಹಾಕಿದಳು, ಫಝಲ್‌ನ ಸಂಗಡಿಗ ಇನ್ನೊಬ್ಬ ಸಾಕ್ಷಿ. ಹೊರಗೆ ಮೆಟ್ಟಿಲ ಮೇಲೆ ಬಂದಾಗ ಐವಿಗೆ ಎದುರಿನ ಬಸ್ ನಿಲ್ದಾಣದ ಕಂಬದ ಪಕ್ಕ ಹೊಳೆಯುವ ಗುಂಡಿಗಳು ಕಂಡವು. ಡೆರೆಕ್. ಒಳಗೂ ಬಂದಿರಲಿಲ್ಲ, ಬರದೆಯೂ ಇರಲಾಗಿರಲಿಲ್ಲ. ಕೆಲಸದ ಕೋಟಿನಲ್ಲೇ ಇದ್ದ. ನಡುವೆ ಲಾರಿ, ಬಸ್ಸು, ಕಿವಿ ಗಡಚಿಕ್ಕುವ ಪೇಟೆ ರಸ್ತೆ.

ಐವಿ ಫಝಲ್‌ನ ತೋಳು ಬಿಡಲಿಲ್ಲ. ಅಭ್ಯಾಸಬಲದಿಂದ ರಸ್ತೆಯಾಚೆಗೆ ತುಟಿಮಾತಿನಲ್ಲಿ ಏನೋ ಹೇಳಿದಳು. ಮಗನಿಗೆ ಅದು ಬಾರದೆಂಬುದು ಆಡಿದ ಮೇಲೆ ನೆನಪಾಯಿತು. ಡೆರೆಕ್ ಕಣ್ಣು ಕಿರಿದು ಮಾಡಿ ನೋಡಿದ. ಬಸ್ಸು ಬಂದು ಅವನನ್ನು ಮರೆಮಾಡಿತು. ಹೋಯಿತು, ಹತ್ತಿ ಹೋದ ಎಂದುಕೊಂಡಳು ಐವಿ. ಬಸ್ಸು ಮುಂದೆ ಸರಿಯಿತು. ಅವನು ಅಲ್ಲೇ ಇದ್ದ. ಎಡಕ್ಕೆ ಬಲಕ್ಕೆ ನೋಡಿ, ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ರಸ್ತೆ ದಾಟಿ ಬಂದು ಮೆಟ್ಟಿಲ ಕೆಳಗೆ ನಿಂತ. ಫಝಲ್‌ನನ್ನು ನೋಡಲಿಲ್ಲ. ಅಮ್ಮನನ್ನೇ ನೋಡಿದ.

"ಏನಂದೆ?" ಎಂದ.

"ಊಟ ಮಾಡಿದೀಯಾ ಅಂದೆ ಕಣೋ," ಎಂದಳು ಐವಿ, ಬಾಯಿ ಬಿಟ್ಟು.